ಸ್ಕ್ರಿವ್ನರ್ ವಿಮರ್ಶೆ: ಕಾದಂಬರಿಯ ಮೊದಲ ಕರಡಿಗೆ, ದಿನಕ್ಕೆ 400 ಪದದ ಲೆಕ್ಕದಲ್ಲಿ

ಸ್ಕ್ರಿವ್ನರ್ ಎಂಬ ಬರವಣಿಗೆಯ ತಂತ್ರಾಂಶದ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಅದರ ಕಾರ್ಕ್‌ಬೋರ್ಡ್‌ನ ಹೊಗಳಿಕೆ. ದೃಶ್ಯಗಳನ್ನು ಚೀಟಿಗಳಂತೆ ಹಲಗೆಗೆ ಚುಚ್ಚಿ ಬೇಕಾದ ಹಾಗೆ ಜಾಗ ಬದಲಿಸಬಹುದು. ನಿಜ, ಚೆನ್ನಾಗಿದೆ. ಆದರೆ ದಿನಾ ಒಂದಿಷ್ಟು ಬರೆದು ಕಾದಂಬರಿಯ ಮೊದಲ ಕರಡು ಮುಗಿಸಬೇಕು ಎಂದುಕೊಂಡವರಿಗೆ ಈ ತಂತ್ರಾಂಶದಿಂದ ಸಿಗುವ ದೊಡ್ಡ ಉಪಕಾರ ಬೇರೆಯೇ. ಇವತ್ತು ಎಷ್ಟು ಪದ ಬಂತು, ಇನ್ನೆಷ್ಟು ಬಾಕಿ, ಈ ತಿಂಗಳಲ್ಲಿ ಎಷ್ಟು ದಿನ ಕೂತದ್ದಾಯಿತು, ಎಷ್ಟು ದಿನ ತಪ್ಪಿತು, ಇವನ್ನೆಲ್ಲ ಅದು ತಾನಾಗಿ ಬರೆದಿಟ್ಟುಕೊಳ್ಳುತ್ತದೆ. ಈ ವಿಮರ್ಶೆ ಆ ಒಂದು ಕೋನದಿಂದ ಮಾತ್ರ: ಕನ್ನಡದಲ್ಲಿ ಬರೆಯುವವರಿಗೆ, ಮೊದಲ ಕರಡಿಗೆ, ದಿನಚರಿ ಕೂರಿಸಿಕೊಳ್ಳಲು ಇದು ಎಷ್ಟು ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ.

ಹಿನ್ನೆಲೆ ಚುಟುಕಾಗಿ. ತಾವೇ ಕಾದಂಬರಿ ಬರೆಯಬೇಕೆಂದಿದ್ದ ಕೀತ್ ಬ್ಲೌಂಟ್ ತಮಗೆ ಬೇಕಾದ ಸಾಧನ ಸಿಗದೆ ಕಟ್ಟಿದ ತಂತ್ರಾಂಶ ಇದು. ಅವರ ಕಂಪನಿಯ ಹೆಸರು ಲಿಟರೇಚರ್ ಆ್ಯಂಡ್ ಲ್ಯಾಟೆ. ಮ್ಯಾಕ್‌ಗೆ 2007ರಲ್ಲಿ ಬಂತು, ವಿಂಡೋಸ್‌ಗೆ 2011ರಲ್ಲಿ, ಐಫೋನ್ ಮತ್ತು ಐಪ್ಯಾಡ್‌ಗೆ 2016ರಲ್ಲಿ. ಮೂರನೇ ಆವೃತ್ತಿ ಮ್ಯಾಕ್‌ಗೆ 2017ರಲ್ಲೇ ಬಂದರೂ ವಿಂಡೋಸ್‌ನವರು 2021ರವರೆಗೆ ಕಾಯಬೇಕಾಯಿತು. ಈ ಅಂತರವನ್ನು ನೆನಪಿಡಬೇಕು. 2021ಕ್ಕಿಂತ ಹಳೆಯ ವಿಂಡೋಸ್ ಪಾಠಗಳನ್ನು ನೋಡಿಕೊಂಡು ಕೂತರೆ ಅಲ್ಲಿ ತೋರಿಸುವ ಮೆನು ನಿಮ್ಮ ಪರದೆಯ ಮೇಲೆ ಇರುವುದಿಲ್ಲ, ಇದ್ದರೂ ಬೇರೆ ಜಾಗದಲ್ಲಿರುತ್ತದೆ. ಪಾಠ ಹುಡುಕುವಾಗ ಮೂರನೇ ಆವೃತ್ತಿಯದ್ದೇ ಎಂದು ಖಚಿತಪಡಿಸಿಕೊಳ್ಳಿ.

ತಿಂಗಳ ಚಂದಾ ಇಲ್ಲ, ಒಮ್ಮೆ ಕೊಂಡರೆ ಆಯಿತು. ಆದರೆ ಮ್ಯಾಕ್, ವಿಂಡೋಸ್, ಐಫೋನ್ ಮೂರಕ್ಕೂ ಪರವಾನಗಿ ಬೇರೆ ಬೇರೆ. ಕೊಳ್ಳುವ ಮುನ್ನ ಸಿಗುವ ಉಚಿತ ಅವಧಿಯ ಲೆಕ್ಕ ಮಾತ್ರ ದಿನಚರಿಯವರಿಗೆಂದೇ ಮಾಡಿದಂತಿದೆ. 30 ದಿನ ಎಂದರೆ ಕ್ಯಾಲೆಂಡರಿನ 30 ದಿನವಲ್ಲ, ತಂತ್ರಾಂಶವನ್ನು ತೆರೆದ 30 ದಿನ. ವಾರಕ್ಕೆ ಎರಡೇ ದಿನ ತೆರೆದರೆ 15 ವಾರ ಬರುತ್ತದೆ. ದಿನಕ್ಕೆ 400 ಪದದಂತೆ 30 ದಿನ ಕೂತರೆ 12,000 ಪದ, ಅಂದರೆ ಒಂದು ಕಾದಂಬರಿಯ ಮೊದಲ ಕೆಲವು ಅಧ್ಯಾಯಗಳು. ಅಷ್ಟು ಬರೆಯುವ ಹೊತ್ತಿಗೆ ಈ ಸಾಧನ ನಿಮ್ಮ ಕೈಗೆ ಒಗ್ಗುತ್ತದೋ ಇಲ್ಲವೋ ತಿಳಿದುಹೋಗುತ್ತದೆ. ಅದಕ್ಕೂ ಮೊದಲು ಕೊಳ್ಳುವ ಅಗತ್ಯವೇ ಇಲ್ಲ.

ಮೊದಲ ದಿನದ ಜೋಡಣೆ

ಮೊದಲ ದಿನವನ್ನು ಬರವಣಿಗೆಗೆಂದು ಲೆಕ್ಕ ಹಿಡಿಯಬೇಡಿ, ಜೋಡಣೆಗೆ ಬಿಡಿ. ಒಂದೂವರೆ ಗಂಟೆ ಸಾಕು. ಹೊಸ ಪ್ರಾಜೆಕ್ಟ್ ತೆರೆಯುವಾಗ ಕಾದಂಬರಿಯ ಸಿದ್ಧ ಮಾದರಿ ಬೇಕೋ ಖಾಲಿ ಪ್ರಾಜೆಕ್ಟ್ ಬೇಕೋ ಎಂದು ಕೇಳುತ್ತದೆ. ಖಾಲಿಯನ್ನೇ ಆರಿಸಿ. ಸಿದ್ಧ ಮಾದರಿಯಲ್ಲಿ ಪಾತ್ರಗಳಿಗೊಂದು, ಸ್ಥಳಗಳಿಗೊಂದು ನಮೂನೆ ಇರುತ್ತದೆ. ನಾಯಕಿಯ ವಯಸ್ಸು, ಹವ್ಯಾಸ, ಭಯ, ಬಾಲ್ಯ ಎಂದು ನಮೂನೆ ತುಂಬುತ್ತ ಹೋದರೆ ವಾರ ಕಳೆಯುತ್ತದೆ, ಕಾದಂಬರಿಯ ಒಂದು ಸಾಲೂ ಹುಟ್ಟಿರುವುದಿಲ್ಲ. ಮೊದಲ ಕರಡಿನಲ್ಲಿ ಪಾತ್ರ ಗೊತ್ತಾಗುವುದು ಆಕೆ ಮಾತಾಡಿದಾಗ, ನಮೂನೆ ತುಂಬಿದಾಗ ಅಲ್ಲ.

ಖಾಲಿ ಪ್ರಾಜೆಕ್ಟಿನ ಎಡಬದಿಯಲ್ಲಿ ಬೈಂಡರ್ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಮೂರು ಮೂಲ ಕಡತಪೆಟ್ಟಿಗೆಗಳು: ಡ್ರಾಫ್ಟ್, ರಿಸರ್ಚ್, ಟ್ರ್ಯಾಶ್. ಕಾದಂಬರಿ ಇರುವುದು ಡ್ರಾಫ್ಟ್ ಒಳಗೆ. ಪದಗಳ ಲೆಕ್ಕ ನಡೆಯುವುದೂ, ಕೊನೆಗೆ ಹಸ್ತಪ್ರತಿಯಾಗಿ ಹೊರಬರುವುದೂ ಅದರಿಂದಲೇ. ಟಿಪ್ಪಣಿ, ಚಿತ್ರ, ಪಿಡಿಎಫ್ ಎಲ್ಲ ರಿಸರ್ಚ್‌ಗೆ ಹೋಗಲಿ. ಡ್ರಾಫ್ಟ್ ಒಳಗೆ ಅಧ್ಯಾಯಕ್ಕೊಂದಲ್ಲ, ದೃಶ್ಯಕ್ಕೊಂದು ಡಾಕ್ಯುಮೆಂಟ್ ಮಾಡಿ. 600ರಿಂದ 1,500 ಪದದ ದೃಶ್ಯ ದಿನಚರಿಗೆ ಹಿಡಿಯುವ ಅಳತೆ: ಎರಡರಿಂದ ನಾಲ್ಕು ಬಾರಿ ಕೂತರೆ ಮುಗಿಯುತ್ತದೆ, ಮುಗಿಸಿದ ಸಮಾಧಾನ ವಾರಕ್ಕೆ ಒಂದೆರಡು ಸಲ ಸಿಗುತ್ತದೆ. ಇಡೀ ಅಧ್ಯಾಯ ಒಂದೇ ಕಡತದಲ್ಲಿದ್ದರೆ ದಿನಾ ಅದನ್ನು ಮೇಲಿನಿಂದ ಓದುವ ಚಾಳಿ ಬೆಳೆಯುತ್ತದೆ. ಓದಿದರೆ ತಿದ್ದಬೇಕೆನಿಸುತ್ತದೆ, ತಿದ್ದಲು ಕೂತರೆ ಅವತ್ತಿನ ಪಾಲು ಹೋಯಿತು. ಬರೆಯುತ್ತ ದೃಶ್ಯ ಉದ್ದವಾದರೆ ಕರ್ಸರ್ ಇರುವಲ್ಲೇ ಕಂಟ್ರೋಲ್ ಕೆ, ಮ್ಯಾಕ್‌ನಲ್ಲಿ ಕಮಾಂಡ್ ಕೆ ಒತ್ತಿದರೆ ಡಾಕ್ಯುಮೆಂಟ್ ಅಲ್ಲಿಗೇ ಎರಡು ತುಂಡಾಗುತ್ತದೆ. ಮುಂದೆ ಬೇಕಾದಾಗ ಕೂಡಿಸಲೂಬಹುದು.

ಮುಂದಿನ ಐದು ದೃಶ್ಯಗಳಿಗೆ ಹೆಸರಿಟ್ಟು, ಬಲಬದಿಯ ಇನ್‌ಸ್ಪೆಕ್ಟರ್ ಎಂಬ ಪಟ್ಟಿಯಲ್ಲಿರುವ ಸಿನಾಪ್ಸಿಸ್ (ಸಾರಾಂಶ) ಚೀಟಿಯಲ್ಲಿ ತಲಾ ಎರಡು ವಾಕ್ಯ ಬರೆಯಿರಿ. ಐದು ಸಾಕು. ಐವತ್ತು ಚೀಟಿ ಬರೆದಿಟ್ಟುಕೊಂಡವರಿಗೆ ಹತ್ತನೇ ದೃಶ್ಯ ಬರೆಯುವಾಗಲೇ ಕಥೆ ಬೇರೆ ದಾರಿ ಹಿಡಿದಿರುತ್ತದೆ, ಉಳಿದ ನಲವತ್ತನ್ನು ಸರಿಪಡಿಸುವುದೇ ಹೊಸ ಕೆಲಸವಾಗುತ್ತದೆ.

ಈಗ ಕನ್ನಡದ ವಿಷಯ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಇಂಗ್ಲಿಷಿನಲ್ಲಿ ಬರೆಯುವವರ ವಿಮರ್ಶೆಗಳಲ್ಲಿ ಇದು ಸಿಗುವುದಿಲ್ಲ. ಸ್ಕ್ರಿವ್ನರ್ ಯೂನಿಕೋಡ್ ಕನ್ನಡವನ್ನು ತೆಗೆದುಕೊಳ್ಳುತ್ತದೆ. ಆದರೆ ಅದರ ಮೂಲ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ. ನೀವು ಟೈಪ್ ಮಾಡಿದಾಗ ಕಂಪ್ಯೂಟರ್ ತನಗೆ ತೋಚಿದ ಬದಲಿ ಫಾಂಟ್ ತಂದು ಕೂರಿಸುತ್ತದೆ. ಒಂದು ಪ್ಯಾರಾದಲ್ಲಿ ಒಂದು ಅಳತೆ, ಇನ್ನೊಂದರಲ್ಲಿ ಇನ್ನೊಂದು ಎಂಬ ಗೊಂದಲ ಶುರುವಾಗುವುದು ಹೀಗೆ. ಆದ್ದರಿಂದ ಮೊದಲೇ ಆಯ್ಕೆಗಳಿಗೆ ಹೋಗಿ, ಎಡಿಟಿಂಗ್ ವಿಭಾಗದ ಫಾರ್ಮ್ಯಾಟಿಂಗ್‌ನಲ್ಲಿ ಮೂಲ ಫಾಂಟನ್ನೇ ಕನ್ನಡದ್ದಕ್ಕೆ ಬದಲಿಸಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದ್ದೇ ಇರುತ್ತದೆ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್ ಇರುತ್ತದೆ. ದೀರ್ಘ ಓದಿಗೆ ನೋಟೋ ಸೆರಿಫ್ ಕನ್ನಡ ಹಾಕಿಕೊಂಡರೆ ಕಣ್ಣಿಗೆ ಹಿತ, ಅದು ಉಚಿತ. ಸಾಲುಗಳ ಅಂತರ 1.5ಕ್ಕಿಂತ ಕಡಿಮೆ ಬೇಡ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಣಿತ ಮೇಲೇರುತ್ತದೆ. ಇಂಗ್ಲಿಷಿಗೆ ಅಳೆದ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ.

ಈ ಬದಲಾವಣೆ ಮುಂದೆ ಹುಟ್ಟುವ ಡಾಕ್ಯುಮೆಂಟ್‌ಗಳಿಗೆ ಮಾತ್ರ ಅನ್ವಯ. ಆಗಲೇ ಬರೆದಿದ್ದನ್ನು ಬದಲಿಸಲು ಡಾಕ್ಯುಮೆಂಟ್ಸ್ ಮೆನುವಿನ ಕನ್ವರ್ಟ್ ಒಳಗಿರುವ ಮೂಲ ಫಾರ್ಮ್ಯಾಟಿಂಗ್ ಆಯ್ಕೆಯನ್ನು ಒತ್ತಬೇಕು. ಟೈಪಿಸುವಾಗಲೇ ಕಾಗುಣಿತ ನೋಡುವ ಸೌಲಭ್ಯವನ್ನು ನಿಲ್ಲಿಸಿಬಿಡಿ. ಮೊದಲ ಕರಡಿನಲ್ಲಿ ಕೆಂಪು ಗೆರೆಗಳಿಂದ ಪ್ರಯೋಜನವಿಲ್ಲ. ಲಿಂಗ್ವಿಸ್ಟಿಕ್ ಫೋಕಸ್ ಎಂಬ ಇನ್ನೊಂದು ಸೌಲಭ್ಯ ಕ್ರಿಯಾವಿಶೇಷಣ ಮುಂತಾದವನ್ನು ಎತ್ತಿ ತೋರಿಸುತ್ತದೆ. ಕನ್ನಡಕ್ಕೆ ಅದು ಕೆಲಸಕ್ಕೆ ಬಾರದು, ಮರೆತುಬಿಡಿ.

ಜೋಡಣೆಯ ದಿನವೇ ಒಂದು ಪರೀಕ್ಷೆ ಮಾಡಿ. ಸ್ತ್ರೀ, ಅರ್ಥ, ಲಕ್ಷ್ಮಿ, ರ್‍ಯಾಂಕ್, ಸಾಫ್ಟ್‌ವೇರ್, ಬಸ್‌ನಲ್ಲಿ ಎಂಬಂಥ ಹತ್ತು ಹನ್ನೆರಡು ಪದ ಟೈಪಿಸಿ, ಪ್ರಾಜೆಕ್ಟ್ ಮುಚ್ಚಿ, ಮತ್ತೆ ತೆರೆದು ನೋಡಿ. ಆಮೇಲೆ ವರ್ಡ್ ಕಡತವಾಗಿ ಹೊರತೆಗೆದು ಅಲ್ಲಿಯೂ ನೋಡಿ. ಕೊನೆಯ ಮೂರು ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಿಸುವ ಅಥವಾ ಬಿಡಿಸುವ ಸಂಕೇತ ಇರುತ್ತದೆ. ಅದು ಕಳೆದುಹೋದರೆ 'ಬಸ್‌ನಲ್ಲಿ' ಹೋಗಿ 'ಬಸ್ನಲ್ಲಿ' ಆಗುತ್ತದೆ. ನಿಮ್ಮ ಕೀಲಿಮಣೆಯ ವಿನ್ಯಾಸದಲ್ಲಿ ಆ ಸಂಕೇತಕ್ಕೆ ಯಾವ ಕೀಲಿ ಎಂದು ಮೊದಲ ದಿನವೇ ತಿಳಿದುಕೊಂಡರೆ 60,000 ಪದ ಆದಮೇಲೆ ಹುಡುಕಿ ತಿದ್ದುವ ಕಷ್ಟ ತಪ್ಪುತ್ತದೆ.

'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದಿಟ್ಟ ಅಧ್ಯಾಯಗಳಿದ್ದರೆ ನೇರವಾಗಿ ಅಂಟಿಸಬೇಡಿ. ಆ ಫಾಂಟುಗಳಲ್ಲಿ ಕನ್ನಡದಂತೆ ಕಾಣುವುದರ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ. ಫಾಂಟ್ ಬದಲಾದ ಕ್ಷಣ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ, ಪದಗಳ ಎಣಿಕೆಯೂ ಹುಡುಕಾಟವೂ ಕೆಡುತ್ತವೆ. ಮೊದಲು ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾಡಿಸಿ ನೋಡಿ, ಆಮೇಲೆ ಒಳಗೆ ತನ್ನಿ.

ಗುರಿ ಎಷ್ಟಿರಬೇಕು

ಪ್ರಾಜೆಕ್ಟ್ ಮೆನುವಿನಲ್ಲಿ ಪ್ರಾಜೆಕ್ಟ್ ಟಾರ್ಗೆಟ್ಸ್ ಎಂಬ ಪುಟ್ಟ ಕಿಟಕಿ ಇದೆ. ಮೇಲಿನ ಪಟ್ಟಿ ಇಡೀ ಕರಡಿನ ಗುರಿ, ಕೆಳಗಿನದು ಇವತ್ತಿನ ಗುರಿ. ಬರೆದಂತೆಲ್ಲ ಪಟ್ಟಿ ತುಂಬುತ್ತದೆ. ಇಡೀ ತಂತ್ರಾಂಶದಲ್ಲಿ ಇದೊಂದೇ ಇದ್ದರೂ ಮೊದಲ ಕರಡಿಗೆ ಸಾಕಾಗುತ್ತಿತ್ತು. ಆದರೆ ಅಲ್ಲಿ ಯಾವ ಸಂಖ್ಯೆ ಹಾಕಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ.

ದಿನಕ್ಕೆ 1,667 ಪದ ಎಂಬ ಸಂಖ್ಯೆ ಎಲ್ಲ ಕಡೆ ಓಡಾಡುತ್ತಿದೆ. ಅದು ಬಂದಿದ್ದು 1999ರಲ್ಲಿ ಶುರುವಾದ ನ್ಯಾನೋರೈಮೋ ಎಂಬ ನವೆಂಬರ್ ತಿಂಗಳ ಬರವಣಿಗೆಯ ಅಭಿಯಾನದಿಂದ: 30 ದಿನದಲ್ಲಿ 50,000 ಪದ. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು, ಸಂಖ್ಯೆ ಮಾತ್ರ ಉಳಿಯಿತು. ಅದು ಇಂಗ್ಲಿಷ್ ಪದಗಳ ಲೆಕ್ಕ, ಒಂದೇ ತಿಂಗಳ ಓಟದ ಲೆಕ್ಕ. ಕನ್ನಡದಲ್ಲಿ ವಿಭಕ್ತಿ, ಕಾಲ, ನಿಷೇಧ, 'ಅಂತೆ', 'ಎಂದು' ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ. 'ಬರಲಾಗಲಿಲ್ಲವಂತೆ' ಎಂಬ ಒಂದು ಪದ ಹೇಳುವುದನ್ನು ಇಂಗ್ಲಿಷಿನಲ್ಲಿ ಹೇಳಲು ಇಡೀ ಒಂದು ವಾಕ್ಯ ಬೇಕು. ಹಾಗಾಗಿ ಒಂದೇ ದೃಶ್ಯ ಕನ್ನಡದಲ್ಲಿ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. 1,667ರ ಹಿಂದೆ ಬಿದ್ದ ಕನ್ನಡ ಬರಹಗಾರರು ತಮಗೆ ತಿಳಿಯದೆಯೇ ಹೆಚ್ಚಿನ ಹೊರೆ ಹೊತ್ತಿರುತ್ತಾರೆ. ಎರಡನೇ ವಾರ ಕೈ ಸೋತರೆ ತಮ್ಮಲ್ಲೇ ಕೊರತೆ ಇದೆ ಎಂದುಕೊಳ್ಳುತ್ತಾರೆ. ತಪ್ಪು ಸಂಖ್ಯೆಯದ್ದು.

ಇನ್ನೊಂದು ಸೂಕ್ಷ್ಮವೂ ಇದೆ. ತಂತ್ರಾಂಶ ಪದ ಎಂದು ಎಣಿಸುವುದು ನಡುವೆ ಜಾಗ ಬಿಟ್ಟದ್ದನ್ನು. 'ಹೋಗಬೇಕು ಎಂದು' ಬರೆದರೆ ಎರಡು, 'ಹೋಗಬೇಕೆಂದು' ಬರೆದರೆ ಒಂದು. ಸಂಧಿ ಮಾಡಿ ಬರೆಯುವವರ 400 ಪದ, ಬಿಡಿಸಿ ಬರೆಯುವವರ 400 ಪದಕ್ಕಿಂತ ಉದ್ದ. ಆದ್ದರಿಂದ ಇನ್ನೊಬ್ಬರ ದಿನದ ಲೆಕ್ಕಕ್ಕೆ ನಿಮ್ಮದನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ, ನಿಮ್ಮ ನಿನ್ನೆಗೆ ಹೋಲಿಸಿ. ಪದದ ಬದಲು ಅಕ್ಷರಗಳ ಗುರಿ ಇಡುವ ಆಯ್ಕೆಯೂ ಇದೆ. ಆದರೆ ಕನ್ನಡದಲ್ಲಿ ಅದು ಇನ್ನೂ ಗೊಂದಲ. 'ಸ್ತ್ರೀ' ಎಂಬುದು ನಮಗೆ ಒಂದಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು ಸಂಕೇತ. ಪದವೇ ಇರಲಿ.

ಕೆಲಸ ಮಾಡುತ್ತ, ಮನೆ ನೋಡಿಕೊಳ್ಳುತ್ತ ಬರೆಯುವವರಿಗೆ 400 ಪದ ನಿಲ್ಲುವ ಸಂಖ್ಯೆ. 60,000 ಪದದ ಕಾದಂಬರಿಗೆ 150 ದಿನ ಕೂರಬೇಕು. ವಾರಕ್ಕೆ ಆರು ದಿನವಾದರೆ 25 ವಾರ, ಐದು ದಿನವಾದರೆ 30. ಮೊದಲ ಎರಡು ವಾರ ಬೇಕೆಂದೇ 250 ಇಟ್ಟುಕೊಳ್ಳಿ. ಆಗ ಗುರಿ ದಾಟುವುದು ರೂಢಿಯಾಗುತ್ತದೆ. ಆಮೇಲೆ 400ಕ್ಕೆ ಏರಿಸಿ. ಏರಿಸಿದ ಮೇಲೆ ಎರಡು ವಾರದಲ್ಲಿ ಮೂರಕ್ಕಿಂತ ಹೆಚ್ಚು ದಿನ ಗುರಿ ತಪ್ಪಿದರೆ ಸಂಖ್ಯೆಯನ್ನು ಇಳಿಸಿ, ದಿನವನ್ನು ಬಿಡಬೇಡಿ.

ಟಾರ್ಗೆಟ್ಸ್ ಕಿಟಕಿಯ ಆಯ್ಕೆಗಳಲ್ಲಿ ನೋಡಬೇಕಾದ್ದು ನಾಲ್ಕೈದು. ಇವತ್ತಿನ ಎಣಿಕೆ ಯಾವಾಗ ಸೊನ್ನೆಗೆ ಮರಳಬೇಕು ಎಂಬುದನ್ನು ನೀವೇ ಹೇಳಬಹುದು. ನಡುರಾತ್ರಿ ದಾಟಿ ಬರೆಯುವವರು ಮಧ್ಯರಾತ್ರಿಯ ಆಯ್ಕೆ ಇಟ್ಟುಕೊಂಡರೆ ಹನ್ನೆರಡು ಹೊಡೆದಾಗ 380 ಪದ ಸೊನ್ನೆಯಾಗುತ್ತದೆ. ಅಂಥವರು ಪ್ರಾಜೆಕ್ಟ್ ಮುಚ್ಚಿದಾಗ ಸೊನ್ನೆಯಾಗುವಂತೆ ಇಡಲಿ. ಅಳಿಸಿದ ಪದಗಳು ಎಣಿಕೆಯಿಂದ ಕಳೆಯುತ್ತವೆ. ಋಣಸಂಖ್ಯೆಗೆ ಅವಕಾಶ ಕೊಡುವ ಗುರುತು ಹಾಕಿದರೆ ಸೊನ್ನೆಗಿಂತಲೂ ಕೆಳಗೆ ಹೋಗುತ್ತದೆ. ಮೊದಲ ಕರಡಿನಲ್ಲಿ ಅದು ಆರಿಯೇ ಇರಲಿ. ಪ್ರಾಜೆಕ್ಟಿನ ಎಲ್ಲಿ ಬರೆದರೂ ಎಣಿಸು ಎಂಬ ಆಯ್ಕೆಯೂ ಬೇಡ, ಹಾಕಿದರೆ ಟಿಪ್ಪಣಿ ಬರೆದದ್ದೂ ಕಾದಂಬರಿ ಬರೆದ ಲೆಕ್ಕಕ್ಕೆ ಸೇರುತ್ತದೆ. ಕೊನೆಯ ದಿನಾಂಕ ಕೊಟ್ಟು, ವಾರದ ಯಾವ ದಿನ ಬರೆಯುತ್ತೀರಿ ಎಂದು ಗುರುತಿಸಿದರೆ ದಿನದ ಪಾಲನ್ನು ತಾನೇ ಲೆಕ್ಕಹಾಕುತ್ತದೆ. ಕೇಳಲು ಚೆನ್ನಾಗಿದೆ, ಆದರೆ ದಿನಚರಿಗೆ ಹಾನಿ. ಮೂರು ದಿನ ತಪ್ಪಿದರೆ ಉಳಿದ ದಿನಗಳ ಪಾಲು ಏರುತ್ತದೆ, ಏರಿದ ಪಾಲು ನೋಡಿ ನಾಲ್ಕನೇ ದಿನವೂ ಕೂರಲು ಮನಸ್ಸಾಗುವುದಿಲ್ಲ. ಸ್ಥಿರ ಸಂಖ್ಯೆಯೇ ಮೇಲು.

ಬೇರೆ ಕಡೆಯಿಂದ ಅಂಟಿಸಿದ್ದನ್ನೂ ಅದು ಇವತ್ತು ಬರೆದದ್ದೆಂದೇ ಎಣಿಸುತ್ತದೆ. ಹಳೆಯ ಪುಟಗಳಿದ್ದರೆ ಜೋಡಣೆಯ ದಿನವೇ ತಂದು, ಕಿಟಕಿಯಲ್ಲಿರುವ ರೀಸೆಟ್ ಒತ್ತಿಬಿಡಿ.

ದಿನದ ಕೂರಾಟ

ಪ್ರಾಜೆಕ್ಟ್ ತೆರೆದಾಗ ನಿನ್ನೆ ಬಿಟ್ಟ ದೃಶ್ಯವೇ ತೆರೆಯುತ್ತದೆ. ಇದು ಸಣ್ಣ ವಿಷಯವೆನಿಸಬಹುದು, ಆದರೆ 200 ಪುಟದ ಒಂದೇ ವರ್ಡ್ ಕಡತದಲ್ಲಿ ದಿನಾ ಕೆಳಗೆ ಉರುಳಿಸಿಕೊಂಡು ಹೋಗುವಾಗ ಕಣ್ಣಿಗೆ ಬೀಳುವ ಹಳೆಯ ತಪ್ಪುಗಳೆಲ್ಲ ಇಲ್ಲಿ ಬೀಳುವುದಿಲ್ಲ. ಕೊನೆಯ ಒಂದು ಪ್ಯಾರಾ ಮಾತ್ರ ಓದಿ. ಕಂಪೊಸಿಷನ್ ಮೋಡ್‌ಗೆ ಹೋಗಿ, ವಿಂಡೋಸ್‌ನಲ್ಲಿ ಎಫ್11. ಬೈಂಡರ್, ಇನ್‌ಸ್ಪೆಕ್ಟರ್ ಎಲ್ಲ ಮರೆಯಾಗಿ ಹಾಳೆಯೊಂದೇ ಉಳಿಯುತ್ತದೆ. ಹಾಳೆಯ ಅಗಲವನ್ನು ಕೆಳಗಿನ ಪಟ್ಟಿಯಿಂದ ಕಿರಿದು ಮಾಡಿ. ಕನ್ನಡದ ಪದಗಳು ಉದ್ದ, ಸಾಲಿಗೆ ಏಳೆಂಟು ಪದ ಬಂದರೆ ಓದಲು ಸರಿ. ಟೈಪ್‌ರೈಟರ್ ಸ್ಕ್ರೋಲಿಂಗ್ ಹಾಕಿಕೊಂಡರೆ ಬರೆಯುವ ಸಾಲು ಯಾವಾಗಲೂ ಪರದೆಯ ನಡುವೆ ನಿಲ್ಲುತ್ತದೆ, ಕುತ್ತಿಗೆಗೆ ಒಳ್ಳೆಯದು.

ಬರೆಯುವಾಗ ಹೆಸರು, ವರ್ಷ, ಊರಿನ ದೂರ, ಒಂದು ಗಿಡದ ಹೂವಿನ ಬಣ್ಣ ಹೀಗೆ ಏನಾದರೂ ಗೊತ್ತಿಲ್ಲದೆ ನಿಂತರೆ ಅಲ್ಲೊಂದು ಗುರುತು ಹಾಕಿ ಮುಂದೆ ಹೋಗಿ. ಕಥೆಯಲ್ಲಿ ಎಂದೂ ಬಾರದ ಗುರುತಾಗಿರಲಿ, ಉದಾಹರಣೆಗೆ ಎರಡು ಹ್ಯಾಷ್. ಆಮೇಲೆ ಇಡೀ ಪ್ರಾಜೆಕ್ಟಿನಲ್ಲಿ ಆ ಗುರುತನ್ನು ಹುಡುಕಿ, ಆ ಹುಡುಕಾಟವನ್ನೇ ಒಂದು ಕಲೆಕ್ಷನ್ ಆಗಿ ಉಳಿಸಬಹುದು. ಬಾಕಿ ಇರುವ ಪ್ರಶ್ನೆಗಳ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಮಾಹಿತಿ ಹುಡುಕುವುದಕ್ಕೆ ವಾರದಲ್ಲಿ ಬೇರೆ ಒಂದು ಹೊತ್ತು ಇಟ್ಟುಕೊಳ್ಳಿ. ಬರೆಯುವ ಹೊತ್ತಿನಲ್ಲಿ ಬ್ರೌಸರ್ ತೆರೆದರೆ ಮರಳಿ ಬರುವಷ್ಟರಲ್ಲಿ ವಾಕ್ಯದ ಲಯ ಹೋಗಿರುತ್ತದೆ.

ಹಿಂದಿನ ದೃಶ್ಯದಲ್ಲಿ ಬದಲಾವಣೆ ಬೇಕೆನಿಸಿದರೆ, ಅಣ್ಣ ಇದ್ದವನನ್ನು ಭಾವ ಮಾಡಬೇಕಾಯಿತು ಎಂದುಕೊಳ್ಳೋಣ, ಹಿಂದೆ ಹೋಗಿ ತಿದ್ದಬೇಡಿ. ಆ ದೃಶ್ಯದ ಇನ್‌ಸ್ಪೆಕ್ಟರ್ ಟಿಪ್ಪಣಿಯಲ್ಲಿ ಒಂದು ಸಾಲು ಬರೆದು, ಮುಂದಿನದನ್ನು ಭಾವ ಎಂದೇ ಬರೆಯಿರಿ. ಮೊದಲ ಕರಡು ಅಲ್ಲಲ್ಲಿ ಹೊಂದದೆ ಇರುವುದು ಸಹಜ, ಎರಡನೇ ಕರಡು ಇರುವುದೇ ಅದಕ್ಕೆ. ತಿದ್ದದೆ ಇರಲು ಆಗುವುದೇ ಇಲ್ಲ ಎಂದಾದರೆ ಮೊದಲು ಕಂಟ್ರೋಲ್ 5 ಒತ್ತಿ ಸ್ನ್ಯಾಪ್‌ಶಾಟ್ ತೆಗೆಯಿರಿ. ಆ ದೃಶ್ಯದ ಆ ಹೊತ್ತಿನ ಪ್ರತಿ ಒಳಗೇ ಉಳಿಯುತ್ತದೆ, ಬೇಕೆಂದಾಗ ಹಿಂದಕ್ಕೆ ತರಬಹುದು.

ಗುರಿ ಮುಟ್ಟಿದ ಮೇಲೆ ಐದು ನಿಮಿಷ ಉಳಿಸಿಕೊಳ್ಳಿ. ದೃಶ್ಯ ಮುಗಿದಿದ್ದರೆ ಮುಂದಿನದನ್ನು ತೆರೆದು ಮೊದಲ ವಾಕ್ಯ ಬರೆದಿಡಿ. ಮುಗಿಯದಿದ್ದರೆ ಮುಂದೆ ಯಾರು ಏನು ಮಾಡುತ್ತಾರೆ ಎಂದು ಸಿನಾಪ್ಸಿಸ್ ಚೀಟಿಯಲ್ಲಿ ಒಂದು ಸಾಲು. ನಾಳೆ ಖಾಲಿ ಹಾಳೆ ಎದುರಾಗದಂತೆ ನೋಡಿಕೊಳ್ಳುವುದು ಇವತ್ತಿನ ಕೆಲಸದ ಭಾಗ. ನಂತರ ಪ್ರಾಜೆಕ್ಟನ್ನು ಮುಚ್ಚಿ. ಈ ಮುಚ್ಚುವ ಮಾತನ್ನು ಒತ್ತಿ ಹೇಳಲು ಕಾರಣವಿದೆ.

ಕಳೆದುಹೋಗುವುದು ಹೇಗೆ

ಎರಡು ಸೆಕೆಂಡ್ ಕೈ ನಿಂತರೆ ಸ್ಕ್ರಿವ್ನರ್ ತಾನಾಗಿ ಉಳಿಸುತ್ತದೆ. ಆದರೆ ಉಳಿಸುವುದು ಬೇರೆ, ಬ್ಯಾಕಪ್ ಬೇರೆ. ಇದರ ಸ್ವಯಂಚಾಲಿತ ಬ್ಯಾಕಪ್ ಆಗುವುದು ಪ್ರಾಜೆಕ್ಟ್ ಮುಚ್ಚಿದಾಗ. ಲ್ಯಾಪ್‌ಟಾಪಿನ ಮುಚ್ಚಳವನ್ನಷ್ಟೇ ಮುಚ್ಚಿ, ತಿಂಗಳುಗಟ್ಟಲೆ ಪ್ರಾಜೆಕ್ಟನ್ನು ತೆರೆದೇ ಇಟ್ಟವರ ಬಳಿ ತಿಂಗಳ ಹಿಂದಿನ ಬ್ಯಾಕಪ್ ಮಾತ್ರ ಇರುತ್ತದೆ. ದಿನಾ ಮುಚ್ಚಿದರೆ ದಿನಕ್ಕೊಂದು ಪ್ರತಿ. ಕೈಯಾರೆ ಉಳಿಸಿದಾಗಲೆಲ್ಲ ಬ್ಯಾಕಪ್ ಮಾಡು ಎಂಬ ಆಯ್ಕೆಯೂ ಇದೆ. ಕಂಟ್ರೋಲ್ ಎಸ್ ಒತ್ತುವ ಅಭ್ಯಾಸ ಇರುವವರು ಅದನ್ನು ಹಾಕಿಕೊಂಡು, ಇಟ್ಟುಕೊಳ್ಳುವ ಪ್ರತಿಗಳ ಸಂಖ್ಯೆಯನ್ನು ಐದಕ್ಕೆ ಬಿಟ್ಟರೆ ಐದೇ ನಿಮಿಷದಲ್ಲಿ ನಿನ್ನೆ ಮೊನ್ನೆಯ ಪ್ರತಿಗಳೆಲ್ಲ ಅಳಿದು ಹೊಸ ಐದು ಬಂದಿರುತ್ತವೆ. ಪ್ರತಿಗಳ ಸಂಖ್ಯೆ 25 ಇರಲಿ, ಜಿಪ್ ಆಗಿ ಕುಗ್ಗಿಸುವ ಗುರುತು ಹಾಕಿ, ಬ್ಯಾಕಪ್ ಹೋಗುವ ಜಾಗವನ್ನು ಪ್ರಾಜೆಕ್ಟ್ ಇರುವ ಡಿಸ್ಕಿನಿಂದ ಬೇರೆ ಕಡೆ ಇಡಿ.

ಇನ್ನೊಂದು ಅಪಾಯ ಪ್ರಾಜೆಕ್ಟಿನ ರಚನೆಯಲ್ಲೇ ಇದೆ. ಸ್ಕ್ರಿವ್ನರ್ ಪ್ರಾಜೆಕ್ಟ್ ಒಂದು ಕಡತವಲ್ಲ, ಆರ್‌ಟಿಎಫ್ ಎಂಬ ನಮೂನೆಯ ನೂರಾರು ಪುಟ್ಟ ಪಠ್ಯ ಕಡತಗಳಿರುವ ಒಂದು ಫೋಲ್ಡರ್. ಮ್ಯಾಕ್‌ನಲ್ಲಿ ಅದು ಒಂದೇ ಕಡತದಂತೆ ಕಾಣುತ್ತದೆ. ವಿಂಡೋಸ್‌ನಲ್ಲಿ ಫೋಲ್ಡರ್ ತೆರೆದರೆ ಒಳಗೆ ಸ್ಕ್ರಿವ್‌ಎಕ್ಸ್ ಎಂದು ಕೊನೆಯಾಗುವ ಒಂದು ಕಡತ ಕಾಣುತ್ತದೆ. ಅದೇ ಕಾದಂಬರಿ ಎಂದುಕೊಂಡು ಅದೊಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಹೋಗುವುದು ಬೈಂಡರಿನ ಪಟ್ಟಿ ಮಾತ್ರ, ಬರೆದದ್ದು ಒಂದಕ್ಷರವೂ ಹೋಗುವುದಿಲ್ಲ. ಸಾಗಿಸುವಾಗ ಯಾವಾಗಲೂ ಇಡೀ ಫೋಲ್ಡರ್ ಅಥವಾ ಬ್ಯಾಕಪ್ ಜಿಪ್. ಇದೇ ಕಾರಣಕ್ಕೆ ಕ್ಲೌಡ್ ಫೋಲ್ಡರಿನಲ್ಲಿಟ್ಟು ಎರಡು ಕಂಪ್ಯೂಟರಿನಲ್ಲಿ ಬಳಸುವವರು ಒಂದರಲ್ಲಿ ಮುಚ್ಚಿ, ಸಿಂಕ್ ಪೂರ್ತಿ ಮುಗಿದದ್ದು ಖಚಿತವಾದ ಮೇಲೆ ಇನ್ನೊಂದರಲ್ಲಿ ತೆರೆಯಬೇಕು. ಅರ್ಧ ಕಡತಗಳು ಬಂದಿರುವಾಗ ತೆರೆದರೆ ದೃಶ್ಯಗಳು ಖಾಲಿ ಕಾಣುತ್ತವೆ. ಗೂಗಲ್ ಡ್ರೈವ್‌ನಲ್ಲಿ ಜೀವಂತ ಪ್ರಾಜೆಕ್ಟ್ ಇಡಬೇಡಿ ಎಂದು ಕಂಪನಿಯೇ ಎಚ್ಚರಿಸುತ್ತದೆ, ಬ್ಯಾಕಪ್ ಜಿಪ್‌ಗಳನ್ನು ಅಲ್ಲಿಡಲು ಅಡ್ಡಿಯಿಲ್ಲ.

ಆ್ಯಂಡ್ರಾಯ್ಡ್ ಆವೃತ್ತಿ ಇಲ್ಲ. ಫೋನಿನಲ್ಲೇ ಹೆಚ್ಚು ಬರೆಯುವ ಕನ್ನಡದ ಲೇಖಕರಿಗೆ ಇದು ದೊಡ್ಡ ಕೊರತೆ, ಮಾತಿನಲ್ಲಿ ತೇಲಿಸಿಬಿಡುವಂಥದ್ದಲ್ಲ. ಐಫೋನ್ ಮತ್ತು ಐಪ್ಯಾಡ್ ಆವೃತ್ತಿ ಡ್ರಾಪ್‌ಬಾಕ್ಸ್ ಮೂಲಕ ಹೊಂದಿಕೊಳ್ಳುತ್ತದೆ, ಪ್ರಯಾಣದಲ್ಲಿ 150 ಪದ ಬರೆಯಲು ಸಾಕು. ಆ್ಯಂಡ್ರಾಯ್ಡ್‌ನವರು ಗೂಗಲ್ ಡಾಕ್ಸ್‌ನಲ್ಲಿ ಆ ದಿನದ ತುಣುಕು ಬರೆದು ಸಂಜೆ ಇಲ್ಲಿಗೆ ಅಂಟಿಸಬೇಕಾಗುತ್ತದೆ. ಅಂಟಿಸುವಾಗ ಮೂಲ ಶೈಲಿ ಬಿಟ್ಟು ಪಠ್ಯ ಮಾತ್ರ ಅಂಟಿಸುವ ಆಯ್ಕೆ ಬಳಸದಿದ್ದರೆ ಫಾಂಟಿನ ಗೊಂದಲ ಮತ್ತೆ ಶುರು.

ರೈಟಿಂಗ್ ಹಿಸ್ಟರಿ ಬಗ್ಗೆ ಹೇಳದೆ ಮುಗಿಸಲಾಗದು. ಪ್ರಾಜೆಕ್ಟ್ ಮೆನುವಿನಲ್ಲೇ ಇದೆ. ಯಾವ ದಿನ ಎಷ್ಟು ಪದ, ತಿಂಗಳ ಸರಾಸರಿ ಎಷ್ಟು ಎಂದು ಸಾಲಾಗಿ ತೋರಿಸುತ್ತದೆ, ಸಿಎಸ್‌ವಿ ಕಡತವಾಗಿ ಹೊರತೆಗೆದು ಸ್ಪ್ರೆಡ್‌ಶೀಟಿನಲ್ಲಿ ನೋಡಲೂಬಹುದು. ದಿನಾ ನೋಡುವ ಅಗತ್ಯವಿಲ್ಲ, ವಾರಕ್ಕೊಮ್ಮೆ ಸಾಕು. ಇಲ್ಲಿ ಹುಡುಕಬೇಕಾದ್ದು ಅತಿ ಹೆಚ್ಚು ಬರೆದ ದಿನವನ್ನಲ್ಲ. 1,400 ಪದ ಬರೆದ ಭಾನುವಾರದ ನಂತರ ಎರಡು ದಿನ ಸೊನ್ನೆ ಇದ್ದರೆ ಆ ಭಾನುವಾರ ಲಾಭವಲ್ಲ, ಮೂರು ದಿನದ ಪಾಲನ್ನು ಒಂದೇ ದಿನ ಖರ್ಚು ಮಾಡಿದಂತೆ. ಅಂಥವರು 600ಕ್ಕೆ ಕೈ ನಿಲ್ಲಿಸುವುದನ್ನು ಕಲಿಯಬೇಕು. ಒಂದೇ ವಾರದ ದಿನ ಮತ್ತೆ ಮತ್ತೆ ಸೊನ್ನೆ ಬರುತ್ತಿದ್ದರೆ ಆ ದಿನವನ್ನೇ ರಜೆಯೆಂದು ಒಪ್ಪಿಕೊಂಡು ಉಳಿದ ಆರನ್ನು ಉಳಿಸಿಕೊಳ್ಳುವುದು ಜಾಣತನ.

ಕಂಪೈಲ್ ಎಂಬ ಹಸ್ತಪ್ರತಿ ಹೊರತೆಗೆಯುವ ಭಾಗ ಈ ತಂತ್ರಾಂಶದ ಅತ್ಯಂತ ಕಗ್ಗಂಟಿನ ಜಾಗ. ಅದೃಷ್ಟಕ್ಕೆ ಮೊದಲ ಕರಡು ಮುಗಿಯುವವರೆಗೆ ಅದರ ಹಂಗಿಲ್ಲ. ಸ್ನೇಹಿತರಿಗೆ ಓದಲು ಕೊಡಬೇಕಾದಾಗ ಮೇಲುಗಡೆಯ ಫಾಂಟ್ ಆಯ್ಕೆಯಲ್ಲಿ ಕನ್ನಡ ಫಾಂಟನ್ನೇ ಆರಿಸಿ, ವರ್ಡ್ ಕಡತವಾಗಿ ತೆಗೆದರೆ ಸಾಕು. ಸಿದ್ಧ ವಿನ್ಯಾಸಗಳನ್ನು ಇದ್ದಂತೆ ಬಿಟ್ಟರೆ ಕೊರಿಯರ್‌ನಂಥ, ಕನ್ನಡವೇ ಇಲ್ಲದ ಫಾಂಟನ್ನು ಅವು ಹೇರುತ್ತವೆ.

ಯಾರಿಗೆ ಇದು ಬೇಡ ಎಂಬುದನ್ನೂ ನೇರವಾಗಿ ಹೇಳಬೇಕು. ಬಣ್ಣದ ಲೇಬಲ್, ಸ್ಥಿತಿ, ಚೀಟಿ ಜೋಡಿಸುವುದರಲ್ಲಿ ಸುಖ ಕಾಣುವ ಸ್ವಭಾವ ಇದ್ದರೆ ಸ್ಕ್ರಿವ್ನರ್ ನಿಮ್ಮ ಹೊತ್ತನ್ನು ತಿನ್ನುತ್ತದೆ. ಎರಡು ವಾರದ ನಂತರ ಹಿಸ್ಟರಿಯಲ್ಲಿ ಪದಗಳು ಕಡಿಮೆ ಇದ್ದು ಬೈಂಡರ್ ಮಾತ್ರ ಬಣ್ಣಬಣ್ಣವಾಗಿದ್ದರೆ ಅದೇ ಲಕ್ಷಣ. ಇಬ್ಬರು ಸೇರಿ ಬರೆಯುವವರಿಗೆ ಗೂಗಲ್ ಡಾಕ್ಸ್ ಸರಿ, ಇಲ್ಲಿ ಒಟ್ಟಿಗೆ ಕೂತು ಬರೆಯುವ ವ್ಯವಸ್ಥೆ ಇಲ್ಲ. ಡಾಕ್ಸ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯವೂ ಇದೆ, ಸಂಭಾಷಣೆಯ ದೃಶ್ಯಗಳಿಗೆ ಅದು ನಿಜವಾಗಿ ಉಪಯುಕ್ತ. ಕೈಯಲ್ಲಿ ಬರೆಯುವವರು ಪುಸ್ತಕ ಬಿಟ್ಟು ಇಲ್ಲಿಗೆ ಬರಬೇಕಾದ್ದೂ ಇಲ್ಲ. ತಮ್ಮ ಕೈಬರಹದ ಐದು ಪುಟಗಳ ಪದ ಎಣಿಸಿ ಸರಾಸರಿ ತೆಗೆದರೆ ದಿನಕ್ಕೆ ಎಷ್ಟು ಪುಟ ಎಂಬುದು ಗೊತ್ತಾಗುತ್ತದೆ. ಪುಟಕ್ಕೆ 160 ಪದವಾದರೆ 400ಕ್ಕೆ ಎರಡೂವರೆ ಪುಟ. ದಿನಾಂಕವನ್ನು ಅಂಚಿನಲ್ಲಿ ಬರೆದರೆ ಅದೇ ಅವರ ರೈಟಿಂಗ್ ಹಿಸ್ಟರಿ.

ಕಂಪ್ಯೂಟರಿನಲ್ಲೇ, ಒಬ್ಬರೇ, ಉದ್ದದ ಕಾದಂಬರಿ ಬರೆಯಲು ಹೊರಟವರಿಗೆ ಮಾತ್ರ ಇದನ್ನು ಧೈರ್ಯವಾಗಿ ಸೂಚಿಸಬಹುದು. ಕಲಿಯಬೇಕಾದ್ದು ಟಾರ್ಗೆಟ್ಸ್, ದೃಶ್ಯಕ್ಕೊಂದು ಡಾಕ್ಯುಮೆಂಟ್, ಕಂಪೊಸಿಷನ್ ಮೋಡ್, ಬ್ಯಾಕಪ್, ಇಷ್ಟೇ. ಉಳಿದ ನೂರು ಮೆನುಗಳನ್ನು ಎರಡನೇ ಕರಡಿನವರೆಗೆ ಮುಟ್ಟದಿದ್ದರೂ ನಡೆಯುತ್ತದೆ.